ನೀರಿನ ಸಾಹೇಬ

ಮುನ್ನೂರು ಪದಗಳ ಮಿತಿಯಲ್ಲಿ ಇನ್ನೂ ನಲವತ್ತೊಂದು ಉಳಿದಿದ್ದವು. ಹಯಗ್ರೀವ ಪೆನ್ಸಿಲಿನ ಮೊನೆಯನ್ನು ಒಂದೊಂದು ಪದದ ಮೇಲೂ ಊರುತ್ತ ಇನ್ನೊಮ್ಮೆ ಎಣಿಸಿದ. ಇನ್ನೂರ ಐವತ್ತೊಂಬತ್ತೇ. ಎಣಿಕೆಯಲ್ಲಿ ಅವನು ತಪ್ಪುವವನಲ್ಲ. ರಾಯಚೂರು ಕಡೆಯ ಹಿರೇಮಟ್ಟಿ ತಾಮ್ರದ ಗಣಿಯಲ್ಲಿ ಹದಿನಾಲ್ಕು ವರ್ಷ ಕೆಮಿಸ್ಟನಾಗಿದ್ದು, ಸೂಕ್ಷ್ಮದರ್ಶಕದ ಕೆಳಗೆ ಧೂಳಿನ ಕಣಗಳನ್ನು ಒಂದೊಂದಾಗಿ ಎಣಿಸಿದ ಕಣ್ಣು ಅದು. ಅರವತ್ತೈದಾದರೂ, ಒಂದರ ಪೊರೆ ತೆಗೆಸಿದ್ದರೂ, ಬಿಳಿಯ ಮೇಲೆ ಕಪ್ಪು ಕಂಡರೆ ತನ್ನಷ್ಟಕ್ಕೇ ಎಣಿಸತೊಡಗುತ್ತಿತ್ತು. ಹೊರಗೆ ಹೊಸ ಪೈಪಿಗೆಂದು ರಸ್ತೆ ಒಡೆಯುತ್ತಿದ್ದರು. ಡೊಂಬಿವಲಿ ಎಂಐಡಿಸಿಯ ಈ ವಸತಿ ವಿಭಾಗದಲ್ಲಿ ಕಿಟಕಿ ಮುಚ್ಚಿ ಕೂರುವುದು ಹೊಸದಲ್ಲ, ಆದರೆ ಅದು ಕಾರ್ಖಾನೆಗಳ ವಾಸನೆಗೆ. ಧೂಳು ಸಂದಿಯಿಂದ ನುಸುಳಿ ಮೇಜಿನ ಮೇಲೆ, ಫಾರಮ್ಮಿನ ಮೇಲೆ, 'ಗಣಿ ಉದ್ಯಮದಲ್ಲಿ ಜೀವಮಾನ ಸಾಧನೆಯ ಪ್ರಶಸ್ತಿ' ಎಂಬ ದಪ್ಪಕ್ಷರಗಳ ಮೇಲೆ ತೆಳ್ಳಗೆ ಕೂತಿತ್ತು. ಊದಿದ. ಅಕ್ಷರ ಕಂಡಿತು. ಪ್ರಶಸ್ತಿಗೆ ಸೂಚಿಸಲಾದವರು: ಶ್ರೀ ಯಜ್ಞೇಶ್ವರ ರಾವ್, ನಿವೃತ್ತ ಗಣಿ ಮ್ಯಾನೇಜರ್. ಅದರ ಕೆಳಗೆ ಸಣ್ಣಕ್ಷರದಲ್ಲಿ, ಸೂಚಿಸಿದವರು. ಆ ಗೆರೆಯ ಮೇಲೆ ಅವನ ಹೆಸರನ್ನು ಮೊದಲೇ ಟೈಪು ಮಾಡಿ ಕಳಿಸಿದ್ದರು. ಇಂಗ್ಲಿಷಿನಲ್ಲಿ ಅದರ ಕಾಗುಣಿತ ತಪ್ಪಾಗಿತ್ತು.

ಹೋದ ಗುರುವಾರ ಯಜ್ಞೇಶ್ವರರಾಯರ ಫೋನು ಬಂದಾಗ ಅವನು ಸ್ನಾನ ಮುಗಿಸಿ ಪಂಚೆ ಸುತ್ತುತ್ತಿದ್ದ. ಹದಿನೇಳು ವರ್ಷಗಳ ಮೇಲೆ ಕೇಳಿದ ಧ್ವನಿ. ಗಣಿ ಮುಚ್ಚಿದ ಮೇಲೆ ರಾಯರು ಮಗನ ಜತೆ ಐರೋಲಿಯಲ್ಲಿದ್ದಾರೆಂದು ಗೊತ್ತಿತ್ತು. ಡೊಂಬಿವಲಿಯಿಂದ ಎರಡು ರೈಲಿನ ದೂರ. ಆದರೆ ಇಬ್ಬರಲ್ಲಿ ಯಾರೂ ಆ ದೂರ ದಾಟಿರಲಿಲ್ಲ. "ಎಂಚ ಉಲ್ಲ ಮಾರಾಯ?" ಎಂದು ತುಳುವಿನಲ್ಲಿ ಕ್ಷೇಮ ವಿಚಾರಿಸುತ್ತ ಶುರು ಮಾಡಿದವರು, ಅವನು "ಸರ್" ಎಂದೊಡನೆ ಕನ್ನಡಕ್ಕೆ ಬಂದರು. "ಕೇಳು, ಲೈಫ್‌ಟೈಮ್ ಅವಾರ್ಡಿಗೆ ನಿನ್ನ ಹೆಸರು ಕೊಟ್ಟಿದ್ದೇನೆ. ಹಿರೇಮಟ್ಟಿಯವರು ಅಂತ ಇನ್ನು ಯಾರು ಉಳಿದಿದ್ದಾರೆ ಹೇಳು? ಫಾರಂ ಮೊಮ್ಮಗಳು ಕಳಿಸ್ತಾಳೆ." "ನನ್ನದಾ ಸರ್?" ಎಂದ. "ನಿನ್ನದೇ, ಮತ್ತೆ ಯಾರದ್ದು?" ಎಂದರು. ಈ ಎರಡು ಮಾತುಗಳನ್ನು ಅವನು ಆಮೇಲೆ ಎಷ್ಟು ಸಲ ತಿರುಗಿಸಿ ನೋಡಿದ್ದಾನೆಂದರೆ ಈಗ ಅವುಗಳ ಅಂಚು ಸವೆದುಹೋಗಿದೆ. ಅವರು ಸುಳ್ಳು ಹೇಳಿರಲಿಲ್ಲ. ಅವನು ತಪ್ಪು ಕೇಳಿಸಿಕೊಂಡಿರಲೂ ಇಲ್ಲ. ಹೆಸರು ಕೊಡುವುದು ಎಂದರೆ ಎರಡೂ ಆಗುತ್ತದೆ, ಮಣೆಯ ಮೇಲೆ ಕೂರುವವನದ್ದೂ ಕೊಡಬಹುದು, ಮಣೆ ಹಾಕುವವನದ್ದೂ ಕೊಡಬಹುದು.

ಮುಕ್ತಾ ಆ ದಿನವೇ ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ, ಹಯಗ್ರೀವ ಮಾಡಿದಳು. ಮದುವೆಯಾದ ಹೊಸತರಲ್ಲಿ ಆ ಸಿಹಿಯನ್ನು ಗಂಡನ ಹೆಸರು ಹಿಡಿದು ಕರೆಯಲಾರದೆ 'ಬೇಳೆಯದ್ದು' ಎನ್ನುತ್ತಿದ್ದವಳು, ಈಗ ಕಟ್ಟಡದ ಎಂಟೂ ಮನೆಗೆ ಡಬ್ಬಿ ಹಿಡಿದು ಹೋಗಿ, "ಹಯಗ್ರೀವರಿಗೆ ಪ್ರಶಸ್ತಿ, ಅದಕ್ಕೇ ಹಯಗ್ರೀವ" ಎಂದು ಹಂಚಿ ಬಂದಳು. ಅವನು ತಡೆಯಲಿಲ್ಲ. ಶುಕ್ರವಾರ, ಶನಿವಾರ, ಭಾನುವಾರ, ಆ ಮೂರು ದಿನ ಅವನು ಬೇರೆಯೇ ಮನುಷ್ಯನಾಗಿದ್ದ. ಕೆನ್ನೆಗೆ ಸಾಬೂನು ಹಚ್ಚಿಕೊಂಡು ಕನ್ನಡಿಯಲ್ಲಿ ತನ್ನನ್ನು ನೋಡುತ್ತ ವೇದಿಕೆಯ ಮೇಲೆ ಯಾರೋ ಓದುವ ವಾಕ್ಯಗಳನ್ನು ಕಟ್ಟುತ್ತಿದ್ದ: ಭೂಗರ್ಭದ ಗಣಿಯಲ್ಲಿ ಧೂಳಿನ ಪ್ರಮಾಣವನ್ನು ಒಂಬೈನೂರರಿಂದ ನೂರ ಎಂಬತ್ತಕ್ಕೆ ಇಳಿಸಿದ ಕೀರ್ತಿ, ಎಲೆಮರೆಯ ವಿಜ್ಞಾನಿ, ನೂರಾರು ಕಾರ್ಮಿಕರ ಉಸಿರು. 'ಉಸಿರು' ಎಂಬಲ್ಲಿ ರೇಜರು ಒಂದು ಕ್ಷಣ ನಿಂತಿತ್ತು. ಆಮೇಲೆ ಮುಂದೆ ಹೋಗಿತ್ತು. ಅದು ಈಗ ನೆನಪಾಗುತ್ತದೆ: ನಿಂತದ್ದಲ್ಲ, ಮುಂದೆ ಹೋದದ್ದು.

ಸೋಮವಾರ ಫಾರಂ ಬಂತು. ರಾಯರ ಮೊಮ್ಮಗಳು ಮಾನಸಿ ಫೋನು ಮಾಡಿ ಹಿಂದಿಯಲ್ಲಿ ಪಟಪಟನೆ ವಿವರಿಸಿದಳು: ಯಾರೂ ತಮ್ಮ ಹೆಸರನ್ನು ತಾವೇ ಸೂಚಿಸುವಂತಿಲ್ಲ, ಕೈಕೆಳಗೆ ಹತ್ತು ವರ್ಷ ದುಡಿದವರೊಬ್ಬರು ಸೂಚಿಸಬೇಕು, ಅಜ್ಜನ ಕೈಕೆಳಗಿನವರಲ್ಲಿ ಉಳಿದವರು ಅಂಕಲ್ ಒಬ್ಬರೇ. "ಆಪ್ ತೋ ಪ್ರಪೋಸರ್ ಹೈಂ ನಾ ಅಂಕಲ್." ಹೌದು ಹೌದು, ಗೊತ್ತು, ಎಂದ ಅವನು, ಗೊತ್ತಿದ್ದವನ ಧ್ವನಿಯಲ್ಲಿ. ಫೋನಿಟ್ಟು ತಿರುಗಿದರೆ ಮುಕ್ತಾ ಬಾಗಿಲಲ್ಲಿ ನಿಂತಿದ್ದಳು. "ಪ್ರಪೋಸರ್ ಅಂದರೆ ಎಂತ?" ಎಂದಳು. "ಅದೂ ಒಂದು ಗೌರವವೇ," ಎಂದ. ಅವಳು ಒಳಗೆ ಹೋಗಿ, ಡಬ್ಬಿಯಲ್ಲಿ ಉಳಿದಿದ್ದ ಸಿಹಿಯನ್ನು ನಿಂತೇ ತಿಂದು ಮುಗಿಸಿ, ಡಬ್ಬಿ ತೊಳೆದು ಕವುಚಿಟ್ಟಳು. ಹಂಚಿದ ಎಂಟು ಮನೆಗಳಿಗೆ ಹೋಗಿ ತಿದ್ದಿ ಬಾ ಎಂದು ಅವನು ಹೇಳಲಿಲ್ಲ, ಅವಳೂ ಹೋಗಲಿಲ್ಲ. ಕೆಳಗಿನ ಮನೆಯ ಕಿಟ್ಟಣ್ಣ, ನಲವತ್ತು ವರ್ಷ ಉಲ್ಹಾಸನಗರದಲ್ಲಿ ಹೋಟೆಲು ನಡೆಸಿ ಕೂತವನು, ದಿನಕ್ಕೆರಡು ಸಲ ಮೆಟ್ಟಿಲಲ್ಲಿ ಹಿಡಿಯುತ್ತಾನೆ. "ಎಂತ ಸ್ವಾಮಿ, ಶಾಲು ಯಾವಾಗ? ನಮ್ಮ ಸಂಘದಿಂದಲೂ ಒಂದು ಹಾಕುವ ಅಂತ ಮಾತಾಡಿ ಆಗಿದೆ. ನೀವು ಹೂಂ ಅಂದ್ರೆ ಸಾಕು."

"ಇನ್ನೂ ಫಾರಂ ಹಂತದಲ್ಲಿದೆ," ಎನ್ನುತ್ತಾನೆ ಹಯಗ್ರೀವ.

"ಫಾರಮ್ಮಾ? ಪ್ರಶಸ್ತಿಗೂ ಫಾರಮ್ಮಾ? ರೇಶನ್ ಕಾರ್ಡಿನ ಹಾಗೆ ಆಯ್ತಲ್ಲ ಮಾರಾಯ್ರೆ!"

ಇವತ್ತು ಮಧ್ಯಾಹ್ನದೊಳಗೆ ಬರೆದು, ಐರೋಲಿಗೆ ಒಯ್ದು, ಸಹಿ ಮಾಡಿ ಬರಬೇಕು. ನಾಳೆ ಕೊನೆಯ ದಿನ. ಬರೆದದ್ದನ್ನು ಮತ್ತೆ ಓದಿದ. ಒಳ್ಳೆಯ ಬರಹ. ಅಚ್ಚುಕಟ್ಟಾಗಿತ್ತು, ಒಂದು ಪದ ಹೆಚ್ಚಿಲ್ಲ. ಕನ್ನಡಿಯ ಮುಂದೆ ತನಗೆಂದು ಕಟ್ಟಿದ ವಾಕ್ಯಗಳನ್ನೇ ಹೆಸರು ಬದಲಿಸಿ ಇಳಿಸಿದ್ದ ಎಂಬುದು ಅವನಿಗಲ್ಲದೆ ಬೇರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಆಧಾರಕ್ಕೆಂದು ರಾಯರು ಧೂಳಿನ ರಿಜಿಸ್ಟರಿನ ನಕಲು ಪ್ರತಿಗಳನ್ನು ಕಳಿಸಿದ್ದರು. ಗಣಿ ಮುಚ್ಚಿದ ಮೇಲೂ ಅವರು ಇದನ್ನು ಇಟ್ಟುಕೊಂಡಿದ್ದರೆಂದು ಅವನಿಗೆ ತಿಳಿದಿರಲಿಲ್ಲ. ಪ್ರತಿ ಪುಟದ ಕೊನೆಯಲ್ಲಿ ತನ್ನ ಸಹಿ. ಮೂವತ್ತೆಂಟರ ಪ್ರಾಯದ ಹುರುಪಿನ, ಬಾಲ ಮೇಲಕ್ಕೆತ್ತಿದ ಸಹಿ. ದಿನಾಂಕ, ವೇಳೆ, ಸ್ಥಳ, ಕಣಗಳ ಸಂಖ್ಯೆ. ಕೊನೆಗೊಂದು ಕಾಲಂ: ಸ್ಥಿತಿ. ಅಲ್ಲಿ 'ಒಣ' ಅಥವಾ 'ಒದ್ದೆ' ಎಂದು ಬರೆಯಬೇಕು. ಮೊದಲನೆಯ ಸಾಲಿನಲ್ಲಿ ಮಾತ್ರ 'ಒಣ' ಎಂದಿತ್ತು. ಅದರ ಕೆಳಗೆ ಹತ್ತು ವರ್ಷ ಖಾಲಿ.

ಗಣಿಯಲ್ಲಿ ಕಲ್ಲಿಗೆ ತೂತು ಕೊರೆಯುವ ಎದುರುಗೋಡೆಗೆ ಫೇಸು ಎನ್ನುತ್ತಾರೆ. ಧೂಳು ಅಳೆಯತೊಡಗಿದ ಎಂಬತ್ತನಾಲ್ಕರ ಆ ಮೊದಲ ದಿನ ಎರಡನೆಯ ಅಂತಸ್ತಿನ ಫೇಸಿಗೆ ಅವನು ಹಿತ್ತಾಳೆಯ ಉಪಕರಣ ಹಿಡಿದು ಇಳಿದಿದ್ದ. ಗುಂಡಿ ಒತ್ತಿದರೆ ಅದು ಒಂದು ಗುಟುಕು ಗಾಳಿ ಎಳೆದು, ಗಾಳಿಯ ಧೂಳನ್ನು ಗಾಜಿನ ಬಿಲ್ಲೆಯ ಮೇಲೆ ಚುಕ್ಕೆಯಾಗಿ ಉಗುಳುತ್ತಿತ್ತು. ಮೇಲೆ ತಂದು ಎಣಿಸುವುದು. ಕೊರೆಯುವಾಗ ಡ್ರಿಲ್ಲಿನೊಳಗೆ ನೀರು ಹರಿಯಬೇಕೆಂಬುದು ನಿಯಮ. ಆದರೆ ಆ ಸೀಮೆಯ ಬೇಸಿಗೆ ಎಂಟು ತಿಂಗಳಿನದು, ಇದ್ದ ನೀರು ಅದಿರು ತೊಳೆಯುವ ಘಟಕಕ್ಕೇ ಸಾಲದು, ಡ್ರಿಲ್ಲುಗಳು ಒಣಗಿಯೇ ಕೊರೆಯುತ್ತಿದ್ದವು. ದೀಪದ ಬೆಳಕು ಆ ಧೂಳಿನಲ್ಲಿ ಒಂದು ಮೊಳ ಹೋಗಿ ನಿಲ್ಲುತ್ತಿತ್ತು. ಅವನ ಎಣಿಕೆಯಲ್ಲಿ ಒಂಬೈನೂರ ಹನ್ನೆರಡು ಬಂತು, ಇರಬೇಕಾದದ್ದರ ನಾಲ್ಕು ಪಟ್ಟು. ರಿಜಿಸ್ಟರು ಹಿಡಿದು ಮ್ಯಾನೇಜರರ ಕೋಣೆಗೆ ಹೋದ. ರಾಯರು ಗದರಲಿಲ್ಲ. ಗದರಿದ್ದರೆ ಎಷ್ಟು ಸುಲಭವಿತ್ತು. ಕುರ್ಚಿ ತೋರಿಸಿ ಕೂರಿಸಿದರು. ನಾಲ್ಕು ವರ್ಷಗಳಲ್ಲಿ ಆ ಕೋಣೆಯಲ್ಲಿ ಅವನು ಕೂತದ್ದು ಅದೇ ಮೊದಲು. ಕೆಮಿಸ್ಟು ಆಫೀಸರ ದರ್ಜೆಯಲ್ಲ. "ಹಯಗ್ರೀವ, ಫೋಟೋಕ್ಕೆ ನಿಲ್ಲುವ ಮೊದಲು ಜನ ಮುಖ ತೊಳೀತಾರಾ ಇಲ್ವಾ?" ಎಂದರು. "ತೊಳೀತಾರೆ ಸರ್." "ಹಾಗೆಯೇ ಇದು. ಫೇಸು ತೊಳೆದು ಫೋಟೋ ತೆಗಿ." ಅವನು ನಕ್ಕ. ತಾನು ನಕ್ಕೆ ಎಂಬುದು ಅವನಿಗೆ ಚೆನ್ನಾಗಿ ನೆನಪಿದೆ. ಊರಿನವರು, ನಮ್ಮವರು, ಕುರ್ಚಿ ಕೊಟ್ಟು ಒಂದು ಚಮತ್ಕಾರದ ಮಾತು ಆಡಿದರು ಎಂಬ ಸಂತೋಷದಲ್ಲಿ ನಕ್ಕಿದ್ದ. ಅಂದಿನಿಂದ ತಿಂಗಳಿಗೊಮ್ಮೆ, ಅವನು ಇಳಿಯುವ ದಿನ, ಬೆಳಗ್ಗೆಯೇ ಟ್ಯಾಂಕರು ಬರುತ್ತಿತ್ತು. ಫೇಸು ತೊಯ್ದು ಕಪ್ಪಗೆ ಹೊಳೆಯುತ್ತಿತ್ತು. ನೂರ ಎಂಬತ್ತು, ನೂರ ಎಪ್ಪತ್ತಾರು, ನೂರ ತೊಂಬತ್ತು. ಎಣಿಸಿದ್ದನ್ನೇ ಬರೆದ. ಒಂದೇ ಒಂದು ಸುಳ್ಳು ಅಂಕಿ ಬರೆಯಲಿಲ್ಲ. ಸ್ಥಿತಿಯ ಕಾಲಮ್ಮಿನಲ್ಲಿ ಏನೂ ಬರೆಯಲಿಲ್ಲ.

ಡ್ರಿಲ್ಲು ಹಿಡಿಯುವವರಿಗೆ ಆ ದಿನ ಹಬ್ಬ. ಅದನ್ನು ಅವರು ನೀರಿನ ದಿನ ಎನ್ನುತ್ತಿದ್ದರು. ಗಣಿಗಿಳಿಸುವ ಲಿಫ್ಟಿನ ಪಂಜರದಿಂದ ಅವನು ಹೊರಗೆ ಕಾಲಿಡುತ್ತಲೇ ಒಬ್ಬ ಕೂಗುತ್ತಿದ್ದ, "ನೀರಿನ ಸಾಹೇಬ್ರು ಬಂದ್ರಲೇ!" ಹುಲಿಗೆಪ್ಪ ಎಂಬ ಡ್ರಿಲ್ಲರು ತೊಯ್ದ ರುಮಾಲನ್ನು ಮುಖಕ್ಕೆ ಒತ್ತಿಕೊಂಡು ನಗುತ್ತಿದ್ದ. "ದಿನಾ ಬರ್ರೀ ಸಾಹೇಬ್ರ. ನೀವು ಬಂದ ದಿನ ಎದಿ ತಂಪಿರ್ತೈತಿ." ಅದು ವ್ಯಂಗ್ಯವೇ ಎಂದು ಹಯಗ್ರೀವ ಎಷ್ಟೋ ಸಲ ಅವನ ಮುಖ ನೋಡಿದ್ದಾನೆ. ಅಲ್ಲ. ನೀರನ್ನು ತರುವವನು ಇವನೇ ಎಂದು ಅವರು ನಿಜವಾಗಿಯೂ ನಂಬಿದ್ದರು.

ಹೊರಗಿನ ಬಡಿತ ನಿಂತಿತು. ಆ ನಿಂತದ್ದೇ ಕಿವಿಗೆ ಬಡಿದು ಅವನು ಎದ್ದು ಗೇಟಿಗೆ ಹೋದ. ರಸ್ತೆಯ ಅಂಚಿನಲ್ಲಿ ಐದಾರು ಹೆಂಗಸರು ಒಡೆದ ಕಾಂಕ್ರೀಟಿನ ಚೂರುಗಳನ್ನು ಬುಟ್ಟಿಗೆ ತುಂಬುತ್ತಿದ್ದರು. ರೆಪ್ಪೆ, ಹುಬ್ಬು, ಎಲ್ಲರದ್ದೂ ಒಂದೇ ಬೂದು. "ಪಾನೀ ಮಾರ್‌ಕೇ ತೋಡೋ," ಎಂದ. "ಧೂಳು ಶ್ವಾಸಕೋಶಕ್ಕೆ ಹೋಗ್ತದೆ," ಎಂದು ಹಿಂದಿ ಸಾಲದೆ ತನಗೆ ತಾನೇ ಎಂಬಂತೆ ಕನ್ನಡದಲ್ಲಿ ಹೇಳಿದ. ಒಬ್ಬಳು ತಟ್ಟನೆ ತಲೆಯೆತ್ತಿದಳು.

"ಅಯ್ಯ ಯಪ್ಪಾ, ಕನ್ನಡ ಮಾತಾಡ್ತೀರಿ? ಕುಡ್ಯಾಕ ನೀರಿಲ್ರೀ ನಮಗ, ರೋಡಿಗೆ ಎಲ್ಲಿಂದ ಹೊಡಿಯೂದು?"

"ಕಂತ್ರಾಟದಾರನಿಗೆ ಹೇಳಬೇಕು."

"ಹೇಳ್ರಿ ನೀವ. ನಾವು ಹೇಳಿದ್ರ ಮನಿಗೆ ಹೋಗು ಅಂತಾನ." ಉಳಿದವರು ನಕ್ಕರು. ಹಿಂದಿನಿಂದ ಮುಕ್ತಾ ಬಿಂದಿಗೆ ಸೊಂಟಕ್ಕಿಟ್ಟು ಲೋಟ ಹಿಡಿದು ಬಂದಳು. "ಸರೀರಿ ಸ್ವಲ್ಪ," ಎಂದಳು ಅವನಿಗೆ. "ಇವಳು ಮಾನಮ್ಮ ಅಂತ. ನಿಮ್ಮ ಹಿರೇಮಟ್ಟಿ ಕಡೆಯವರೇ ಅಂತೆ ಇವರೆಲ್ಲ." ಅವನು ಹಿರೇಮಟ್ಟಿಯ ಮಾತೆತ್ತದೆ ಒಳಗೆ ಬಂದ. ಈ ಹೆಂಗಸಿನ ಪ್ರಾಯ ನಲವತ್ತಿರಬಹುದು. ಹುಲಿಗೆಪ್ಪನ ಕಾಲಕ್ಕೆ ಹದಿನೆಂಟು. ಯಾರ ಮಗಳೋ. ಯಾರ ಮಗಳೂ ಅಲ್ಲ, ಆ ಕಡೆ ನೂರು ಹಳ್ಳಿಗಳಿವೆ, ಎಂದು ತನಗೆ ಹೇಳಿಕೊಂಡ.

ಮರಗಮ್ಮ, ಹುಲಿಗೆಪ್ಪನ ಹೆಂಡತಿ, ಪ್ರಯೋಗಶಾಲೆಗೆ ಬಂದದ್ದು ಎಂಬತ್ತೊಂಬತ್ತರಲ್ಲಿ. ಕಂಕುಳಲ್ಲಿ ಸರ್ಕಾರಿ ಆಸ್ಪತ್ರೆಯ ಖಾಕಿ ಲಕೋಟೆ. ಗಂಡ ಆಗಲೇ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಸ್ಥಿತಿಗೆ ಬಂದಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಲಕೋಟೆಯಿಂದ ಎದೆಯ ಎಕ್ಸ್‌ರೇ ಎಳೆದು ಅವನ ಮೇಜಿನ ಮೇಲೆ, ಸೂಕ್ಷ್ಮದರ್ಶಕದ ಪಕ್ಕ, ಇಟ್ಟಳು. "ನಿಮ್ಮ ದುರ್ಬೀನಿನಾಗ ಇಟ್ಟು ನೋಡ್ರಿ ಸಾಹೇಬ್ರ. ಧೂಳಾ ಎಣಸೂದು ನಿಮ್ಮ ಕೆಲಸ ಅಂದಾರ. ಇವನ ಎದ್ಯಾಗ ಎಷ್ಟೈತಿ ಎಣಿಸಿ ಒಂದು ಚೀಟಿ ಬರ್ದು ಕೊಡ್ರಿ." ನಗಬೇಕಾದ ಮಾತು. ಅವನು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದ. ಪಕ್ಕೆಲುಬುಗಳ ನಡುವೆ ಎರಡೂ ಕಡೆ ಬಿಳಿಯ ಕಾಳುಗಳು, ಯಾರೋ ಸಣ್ಣ ರವೆ ಚೆಲ್ಲಿದ ಹಾಗೆ. ಅವನ ಕಣ್ಣು ಎಣಿಸತೊಡಗಿತು. ಬಲಗಡೆ ಮೇಲ್ಭಾಗದಲ್ಲಿ ಮೂವತ್ತನಾಲ್ಕು ಆಗುವಾಗ ಕೆಳಗಿಳಿಸಿದ. "ಟಿಬಿ ಇರಬೇಕಮ್ಮ," ಎಂದ. "ನಾನು ಡಾಕ್ಟರಲ್ಲ." ಅವಳು ಎಕ್ಸ್‌ರೇಯನ್ನು ಲಕೋಟೆಗೆ ಸೇರಿಸಲು ಒದ್ದಾಡಿದಳು, ಅದು ಮಡಚಿಕೊಳ್ಳುತ್ತಿತ್ತು, ಅವನೇ ಸೇರಿಸಿಕೊಟ್ಟ, ಮೂಲೆ ಮುರಿಯದ ಹಾಗೆ, ಜಾಗ್ರತೆಯಾಗಿ. ಅದಕ್ಕೆ ಅವಳು ಕೈ ಮುಗಿದಳು.

ಮೇಜಿಗೆ ಮರಳಿ ಕೂತು, ಉಳಿದಿದ್ದ ಜಾಗದಲ್ಲಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆದ: ೧೯೮೪ರ ನಂತರದ ಎಲ್ಲ ಅಳತೆಗಳನ್ನೂ ನೀರು ಹೊಡೆದ ನಂತರ ತೆಗೆಯಲಾಗಿದೆ. ಇಂಗ್ಲಿಷಿನಲ್ಲಿ ಅದು ಹತ್ತು ಪದ. ಇಪ್ಪತ್ತೇಳು ವರ್ಷ ಖಾಲಿಯಿದ್ದ ಕಾಲಂ ತುಂಬಿತು ಎನಿಸಿತು. ಎದೆಯಲ್ಲಿ ಹಗುರವಾದಂತೆ, ಕೂಡಲೇ ಹೆದರಿಕೆಯಾದಂತೆ. ಇದನ್ನು ಓದಿದವರು ಕೇಳುತ್ತಾರೆ: ಅಳತೆಯ ದಿನ ಮಾತ್ರವೋ? ಉಳಿದ ದಿನ? ಕೇಳಲಿ. ರಾಯರ ಮುಖ ಬೆಳ್ಳಗಾಗುತ್ತದೆ. ಆಗಲಿ. ಇನ್ನೂ ಮೂವತ್ತೊಂದು ಪದ ಉಳಿದಿತ್ತು. ಉಳಿದ ದಿನಗಳಲ್ಲಿ ಒಣಗಿಯೇ ಕೊರೆಯುತ್ತಿದ್ದರು ಎನ್ನಲು ಐದೋ ಆರೋ ಸಾಕು. ಪೆನ್ನನ್ನು ಕಾಗದದ ಮೇಲೆ ಹಿಡಿದುಕೊಂಡು ಅವನು ಸ್ವಲ್ಪ ಹೊತ್ತು ಕೂತ. ವಾಕ್ಯ ತನ್ನಷ್ಟಕ್ಕೆ ಪೂರ್ಣವಾಗಿದೆ, ತಿಳಿಯುವವರಿಗೆ ತಿಳಿಯುತ್ತದೆ ಎಂದುಕೊಂಡು ಪೆನ್ನಿನ ಟೋಪಿ ಹಾಕಿದ.

ಮಧ್ಯಾಹ್ನದ ರೈಲಿನಲ್ಲಿ ಠಾಣೆಯವರೆಗೆ ನಿಂತೇ ಹೋದ. ಅಲ್ಲಿ ಸೇತುವೆ ಹತ್ತಿಳಿದು ವಾಶಿ ಕಡೆಯ ಗಾಡಿ ಹಿಡಿದರೆ ಮುಂದಿನದೇ ಐರೋಲಿ. ಲಕೋಟೆಯನ್ನು ಎದೆಗವಚಿಕೊಂಡಿದ್ದ; ಮೂಲೆ ಮುರಿಯಬಾರದು. ಈ ಲಕೋಟೆ ಹಿಡಿದ ಭಂಗಿಯನ್ನು ಎಲ್ಲೋ ಕಂಡಿದ್ದೇನೆ ಅನಿಸಿ, ಎಲ್ಲಿ ಎಂದು ಹೊಳೆಯುವ ಮೊದಲೇ ಕೈ ಬದಲಿಸಿದ.

ಯಜ್ಞೇಶ್ವರರಾಯರು ತಾವೇ ಬಾಗಿಲು ತೆರೆದರು. ಎಂಬತ್ತೆರಡರಲ್ಲಿ ಕುಗ್ಗಿ ಮುಕ್ಕಾಲಾಗಿದ್ದರು. ಅಂಗಿಯ ಕಾಲರಿನೊಳಗೆ ಕತ್ತು ಸಡಿಲವಾಗಿ ತಿರುಗುತ್ತಿತ್ತು. "ಬಾ ಬಾ ಮಾರಾಯ. ತಲೆ ಎಲ್ಲ ಬೆಳ್ಳಗೆ ಮಾಡಿಕೊಂಡಿದ್ದೀಯಲ್ಲ, ನನಗಿಂತ ಮುದುಕ ಆದ್ಯಾ?" ಎಂದು ಕೈ ಹಿಡಿದು ಒಳಗೆ ಕರೆದೊಯ್ದು ಸೋಫಾದಲ್ಲಿ ಕೂರಿಸಿದರು. ಅವರ ಅಂಗೈ ಬೆಚ್ಚಗಿತ್ತು. ದ್ವೇಷಿಸಲೆಂದು ಎರಡು ರೈಲಿನುದ್ದಕ್ಕೂ ಕಾಪಿಟ್ಟು ತಂದ ಮನುಷ್ಯ ಇವನಲ್ಲ. ಕಿಟಕಿಯಾಚೆ ಹಿನ್ನೀರಿನ ಖಾಡಿಯ ಕೆಸರು, ಮುಲುಂಡಿಗೆ ಹೋಗುವ ಸೇತುವೆ. ಗೋಡೆಯ ಮೇಲೆ ಸುರಕ್ಷತಾ ಸಪ್ತಾಹದ ಫೋಟೋ, ೧೯೮೭: ರಾಯರು ಹಿತ್ತಾಳೆಯ ಫಲಕ ಸ್ವೀಕರಿಸುತ್ತಿದ್ದಾರೆ. ಎಡ ಅಂಚಿನಲ್ಲಿ, ಚೌಕಟ್ಟಿಗೆ ಸಿಕ್ಕಿ ಕತ್ತರಿಸಿಹೋದ ಒಂದು ಮೊಣಕೈ, ಅದರ ಕೆಳಗೆ ಉಪಕರಣದ ಪೆಟ್ಟಿಗೆಯ ಹಿಡಿ. ತನ್ನ ಮೊಣಕೈ. ಹಯಗ್ರೀವ ಅದನ್ನು ನೋಡಿದ್ದನ್ನು ಯಾರೂ ನೋಡಲಿಲ್ಲ.

ಮಾನಸಿ ಲ್ಯಾಪ್‌ಟಾಪು ಮಡಿಲಲ್ಲಿಟ್ಟುಕೊಂಡು ಬಂದು, "ನಮಸ್ತೇ ಅಂಕಲ್" ಎಂದು, ಅವನ ಕೈಬರಹದ ಹಾಳೆ ತೆಗೆದುಕೊಂಡು ಟೈಪು ಮಾಡತೊಡಗಿದಳು. ಟೈಪು ಮಾಡುತ್ತಲೇ ಗಟ್ಟಿಯಾಗಿ ಓದುತ್ತಿದ್ದಳು, ಅಜ್ಜನಿಗೆ ಕೇಳಲಿ ಎಂದು. ರಾಯರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಆ ವಾಕ್ಯ ಹತ್ತಿರ ಬರುತ್ತಿತ್ತು. ಅವಳು ಓದಿದಳು, ನಿಲ್ಲಿಸಿದಳು, ಹುಬ್ಬು ಗಂಟಿಕ್ಕಿದಳು.

"ಅಂಕಲ್, ಇಸ್‌ಮೇಂ 'ಆಫ್ಟರ್' ದೋ ಬಾರ್ ಆ ಗಯಾ. ಠೀಕ್ ಕರ್ ದೂಂ?"

ಎರಡು ಸಲ ಬಂದರೆ ಬರಲಿ, ತಿದ್ದಬೇಡ ಎನ್ನಲು ಅವನು ಬಾಯಿ ತೆರೆದ. ಕೀಲಿಗಳ ಮೇಲೆ ಅವಳ ಬೆರಳುಗಳು ಆಗಲೇ ಓಡಿದ್ದವು. "ಸುನೋ ಅಜ್ಜ," ಎಂದು ಅವಳು ತಿದ್ದಿದ ವಾಕ್ಯವನ್ನು ಓದಿದಳು: ೧೯೮೪ರಲ್ಲಿ ಶ್ರೀ ರಾವ್ ಅವರು ನೀರು ಹೊಡೆಯುವ ಪದ್ಧತಿಯನ್ನು ಜಾರಿಗೆ ತಂದ ನಂತರ ಎಲ್ಲ ಅಳತೆಗಳೂ ಮಿತಿಯೊಳಗೆ ಬಂದವು. "ಯೇ ತೋ ಬೆಸ್ಟ್ ಪಾಯಿಂಟ್ ಹೈ ಅಂಕಲ್! ಇದನ್ನ ಲಾಸ್ಟ್‌ಗೆ ಯಾಕೆ ಹಾಕಿದ್ದು? ಊಪರ್ ಲೇತೀ ಹೂಂ." ವಾಕ್ಯ ಎದ್ದು ಹೋಗಿ ಮೊದಲ ಪ್ಯಾರಾದಲ್ಲಿ ಕೂತಿತು.

ರಾಯರು ಕಣ್ಣು ತೆರೆದು ಅವನ ಕಡೆ ನೋಡಿದರು. ಎಷ್ಟು ಹೊತ್ತು ನೋಡಿದರೋ. ಅವರಿಗೆ ಅವನ ಮೂಲ ವಾಕ್ಯ ಕೇಳಿಸಿತ್ತೇ, ಅರ್ಥವಾಗಿತ್ತೇ, ಅಥವಾ ಇದು ಮುದಿಕಣ್ಣಿನ ಸುಮ್ಮನೆ ನೋಟವೇ ಎಂದು ಹಯಗ್ರೀವನಿಗೆ ತಿಳಿಯಲಿಲ್ಲ. "ಸರಿ ಬರೆದಿದ್ದಿ," ಎಂದರು ಕೊನೆಗೆ. "ನೀನು ಯಾವಾಗಲೂ ಸರಿಯೇ ಬರೀತಿದ್ದೆ." ಈಗ ಹೇಳಬೇಕು, ಅಲ್ಲ ಸರ್, ಅದು ಹಾಗಲ್ಲ ಎಂದು. ಹೇಳಲು ಬೇಕಾದ ಮಾತುಗಳೆಲ್ಲ ಅವನಲ್ಲಿ ಸಾಲಾಗಿ ನಿಂತಿದ್ದವು, ಪಂಜರಕ್ಕೆ ಕಾಯುವ ಪಾಳಿಯವರ ಹಾಗೆ. ಪಂಜರ ಬರಲಿಲ್ಲ. ಅಡುಗೆಯವಳು ಕಷಾಯ ತಂದಿಟ್ಟಳು. ಅವನು ಕುಡಿದ. ಆ ವಾಕ್ಯ ಹೀಗೂ ಓದಿಸಿಕೊಳ್ಳಬಲ್ಲದು ಎಂದು ಬೆಳಗ್ಗೆ ಪೆನ್ನಿನ ಟೋಪಿ ಹಾಕುವಾಗಲೇ ತನಗೆ ಗೊತ್ತಿರಲಿಲ್ಲವೇ? ಐದಾರು ಪದ ಸೇರಿಸದೆ ಬಿಟ್ಟದ್ದು ಮತ್ತೇಕೆ?

"ಅಜ್ಜ, ಜಾಗ ಇನ್ನೂ ಇದೆ," ಎಂದಳು ಮಾನಸಿ. "ಥೋಡಾ ಹ್ಯೂಮನ್ ಟಚ್ ಚಾಹಿಯೇ. ಲೇಬರ್ ಲೋಗ್ ಆಪ್‌ಕೋ ಪ್ಯಾರ್ ಸೇ ಕುಛ್ ಬುಲಾತೇ ಥೇ ಕ್ಯಾ?"

ಕಾರ್ಮಿಕರು ಪ್ರೀತಿಯಿಂದ ಕರೆಯುತ್ತಿದ್ದ ಹೆಸರಿಗಾಗಿ ತಡಕಾಡುತ್ತ ರಾಯರು ಬೆರಳುಗಳಿಂದ ಮೊಣಕಾಲು ತಟ್ಟಿ ಛಾವಣಿ ನೋಡಿದರು. "ಎಂತದೋ ಹೇಳ್ತಿದ್ರು ಮಾರಾಯ್ತಿ... ನೀರು... ಹಾಂ! ನೀರಿನ ಸಾಹೇಬ. ನೀರಿನ ಸಾಹೇಬ್ರು ಬಂದ್ರು, ನೀರಿನ ಸಾಹೇಬ್ರು ಬಂದ್ರು ಅಂತ ಒಂದೇ ಬೊಬ್ಬೆ."

"ವಾಟರ್ ಸಾಹಿಬ್! ಸೋ ಸ್ವೀಟ್!" ಕೀಲಿಗಳು ಟಕಟಕ ಎಂದವು.

"ಅದು ನಾನು."

ಇಬ್ಬರೂ ಅವನ ಕಡೆ ತಿರುಗಿದರು. ಅಷ್ಟು ಗಟ್ಟಿಯಾಗಿ ಹೇಳಿದವನು ತಾನೇ ಎಂದು ಅವನಿಗೂ ನಂಬಲಾಗಲಿಲ್ಲ.

"ಅವರು ಹಾಗೆ ಕರೀತಿದ್ದದ್ದು ನನ್ನನ್ನು ಸರ್. ನಿಮ್ಮನ್ನಲ್ಲ."

"ಹೌದನಾ?" ಎಂದರು ರಾಯರು ಸಮಾಧಾನದಿಂದ. "ಇರಬಹುದು. ಇಬ್ಬರಿಗೂ ಹೇಳ್ತಿದ್ರೋ ಏನೋ."

"ಇಲ್ಲ ಸರ್. ನೀವು ಕೆಳಗೆ ಇಳೀತಿದ್ದದ್ದು ಯಾವಾಗ? ನಾನು ತಿಂಗಳು ತಿಂಗಳೂ ಇಳೀತಿದ್ದೆ. ಹುಲಿಗೆಪ್ಪ ಅಂತ ಎರಡನೇ ಅಂತಸ್ತಿನ ಡ್ರಿಲ್ಲರ್ ಇದ್ದ, ಅವನು ಹೇಳ್ತಿದ್ದ, ದಿನಾ ಬರ್ರೀ ಸಾಹೇಬ್ರ, ನೀವು ಬಂದ ದಿನ ಎದೆ ತಂಪಿರ್ತದೆ ಅಂತ. ನನಗೆ ಹೇಳ್ತಿದ್ದದ್ದು. ಬೇಕಾದರೆ—" ಬೇಕಾದರೆ ಅವನನ್ನೇ ಕೇಳಿ ಎನ್ನಲಿದ್ದ. ಅಲ್ಲಿ ನಿಂತ. ಹುಲಿಗೆಪ್ಪ ತೊಂಬತ್ತರ ಸಂಕ್ರಾಂತಿಗೆ ಮೊದಲೇ ಗೋಡೆಗೆ ಒರಗಿಕೊಂಡು ಕೂತಲ್ಲೇ ಹೋಗಿದ್ದ.

ಮಾನಸಿ ಅಜ್ಜನ ಮುಖ ನೋಡಿದಳು. ರಾಯರು ಕೈಯಾಡಿಸಿದರು, ಮಕ್ಕಳ ಜಗಳ ಬಿಡಿಸುವವರಂತೆ. "ಹಾಕು ಹಾಕು, ಅವನದ್ದೂ ಹಾಕು. ಪಾಪ, ಅವನ ಹೆಸರೂ ಒಂದು ಕಡೆ ಇರಲಿ." ಅವಳು ತಿದ್ದಿ ಓದಿದಳು: ಈ ಕಾರ್ಯದಲ್ಲಿ ಅವರಿಗೆ ನೆರವಾದ ಕೆಮಿಸ್ಟ್ ಹಯಗ್ರೀವ ಅವರನ್ನು ಕೃತಜ್ಞ ಕಾರ್ಮಿಕರು 'ನೀರಿನ ಸಾಹೇಬ' ಎಂದೇ ಕರೆಯುತ್ತಿದ್ದರು. "ಓಕೆ ಅಂಕಲ್?" ಅವನು ತಲೆಯಾಡಿಸಿದ. ಆಮೇಲೆ ತನ್ನ ಹೆಸರಿನ ಇಂಗ್ಲಿಷ್ ಕಾಗುಣಿತ ತಪ್ಪಾಗಿದೆಯೆಂದು ತೋರಿಸಿ, ಒಂದೊಂದೇ ಅಕ್ಷರ ಹೇಳಿ ಸರಿ ಮಾಡಿಸಿದ. ಅಚ್ಚಾಗಿ ಬಂದ ಹಾಳೆಯ ಮೇಲೆ ಸಹಿ ಹಾಕಿದ. ಬಾಲ ಮೇಲಕ್ಕೇಳಲಿಲ್ಲ, ಪ್ರಾಯದ ದೋಷ. ದಿನಾಂಕ ಹಾಕಿದ, ಯಾರೂ ಕೇಳದಿದ್ದರೂ ಅಭ್ಯಾಸದಿಂದ ವೇಳೆಯನ್ನೂ ಹಾಕಿದ.

ಡೊಂಬಿವಲಿಯಲ್ಲಿ ಇಳಿದು ರಿಕ್ಷಾದಲ್ಲಿ ಮನೆಗೆ ಬರುವಾಗ ರಸ್ತೆಯ ಹೆಂಗಸರು ಕೆಲಸ ಮುಗಿಸಿ ಬುಟ್ಟಿಗಳನ್ನು ಒಂದರೊಳಗೊಂದು ಕವುಚುತ್ತಿದ್ದರು. ರಿಕ್ಷಾ ಇಳಿದಲ್ಲೇ ಕಿಟ್ಟಣ್ಣ ಸಿಕ್ಕಿದ. "ಆಯ್ತಾ ಫಾರಮ್ಮು?" "ಆಯ್ತು." "ಹಾಗಾದ್ರೆ ಸಂಘದ ಶಾಲು ಗಟ್ಟಿ ಮಾಡುವನಾ?" ಹಯಗ್ರೀವ ಬೇಡ ಎನ್ನಲಿಲ್ಲ. ನಗುವಿನಂಥದ್ದೊಂದು ಮುಖಕ್ಕೆ ಬಂದುಹೋಯಿತು. ಗೇಟಿನ ಹತ್ತಿರ ಮುಕ್ತಾ ಖಾಲಿ ಬಿಂದಿಗೆ ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು. ಮಾನಮ್ಮ ರಸ್ತೆಯಾಚೆಯಿಂದ ಕೈಯೆತ್ತಿ ಕೂಗಿದಳು, "ನಾಳೆ ಬರ್ತೀವ್ರೀ, ನೀರಿನವ್ವಾ!"

ಮುಕ್ತಾ ನಗುತ್ತಿದ್ದಳು. ಸೋಮವಾರದಿಂದ ಅವಳು ನಕ್ಕದ್ದನ್ನು ಅವನು ಕಂಡಿರಲಿಲ್ಲ. "ಕೇಳಿದ್ರಾ? ಹೆಸರು ಕೊಡುವುದು ಪ್ರಶಸ್ತಿಯವರು ಮಾತ್ರ ಅಂತ ತಿಳ್ಕೊಂಡಿದ್ರಾ? ನನಗೂ ಹೆಸರು ಕೊಟ್ಟಿದ್ದಾರೆ ಇವತ್ತು. ಇಡೀ ದಿನ ನೀರಿನವ್ವ, ನೀರಿನವ್ವ ಅಂತ. ಆರು ಬಿಂದಿಗೆ ಹೊತ್ತೆ ಗೊತ್ತುಂಟಾ, ಸೊಂಟ ಬಿದ್ದುಹೋಯ್ತು." ಅವನ ಮುಖ ನೋಡಿ ನಗು ಅರ್ಧಕ್ಕೆ ನಿಲ್ಲಿಸಿದಳು. ಹಿರೇಮಟ್ಟಿಯಲ್ಲಿ ತನ್ನನ್ನು ಏನೆಂದು ಕರೆಯುತ್ತಿದ್ದರೆಂದು ಅವಳಿಗೆ ಅವನು ಯಾವತ್ತೂ ಹೇಳಿರಲಿಲ್ಲ. "ಅಲ್ಲಿ ಏನಾಯ್ತು? ನಿಮ್ಮ ಹೆಸರು ಹಾಕಿದ್ರಾ?"

"ಹಾಕಿದ್ರು."

ಅವಳ ಸೊಂಟ ನೋಯುತ್ತಿದೆಯೆಂದು ತಾನೇ ಬಗ್ಗಿ ಬಿಂದಿಗೆ ಎತ್ತಿಕೊಂಡ. ತಳದಲ್ಲಿ ಒಂದು ಸೌಟಿನಷ್ಟು ನೀರು ಉಳಿದಿತ್ತು, ಅದರಡಿಯಲ್ಲಿ ಇಡೀ ದಿನ ಕುಡಿದವರ ಕೈಯಿಂದ, ಲೋಟದಿಂದ ಇಳಿದ ಬೂದು ಧೂಳು. ಅಭ್ಯಾಸದಿಂದ ಬಿಂದಿಗೆಯನ್ನು ಬೆಳಕಿಗೆ ಓರೆ ಮಾಡಿದ. ಕಣ್ಣು ಹುಡುಕಿತು. ಒದ್ದೆಯಾದ ಧೂಳು ಒಂದಕ್ಕೊಂದು ಅಂಟಿ ಕೆಸರಾಗಿತ್ತು. ಎಷ್ಟೆಂದು ಎಣಿಸಲು ಬರುವಂತಿರಲಿಲ್ಲ. ಅವನು ಮತ್ತೂ ನೋಡುತ್ತ ನಿಂತದ್ದನ್ನು ಕಂಡು ಮುಕ್ತಾ, "ಎಂತ ಉಂಟು ಅದರಲ್ಲಿ? ಕೊಡಿ ಇಲ್ಲಿ," ಎಂದು ಬಿಂದಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು, ಉಳಿದ ನೀರನ್ನು ಧೂಳಿನ ರಸ್ತೆಗೆ ಚೆಲ್ಲಿದಳು.